ತಪಾಸಣೆಗೆ ಒಂಬತ್ತು ತಿಂಗಳಿದೆ, ಮಾನ್ಯತೆಯ ಸಿದ್ಧತೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ವಾರ್ಡ್ ಮೇಲ್ವಿಚಾರಕಿ

ಎಲ್ಲರಿಗೂ ನಮಸ್ಕಾರ. 120 ಹಾಸಿಗೆಗಳ ಆಸ್ಪತ್ರೆ. ಐಸಿಯುನಲ್ಲಿ 8 ಹಾಸಿಗೆ, 3 ಓಟಿ (ಶಸ್ತ್ರಚಿಕಿತ್ಸಾ ಕೊಠಡಿ), 6 ಡಯಾಲಿಸಿಸ್ ಮಷಿನ್. ಗುಣಮಟ್ಟ ಮತ್ತು ರೋಗಿ ಸುರಕ್ಷತೆಯ ಮಾನ್ಯತೆಗೆ ಅರ್ಜಿ ಹಾಕುವುದೆಂದು ತೀರ್ಮಾನವಾಗಿದೆ, ತಪಾಸಣೆಗೆ ಒಂಬತ್ತು ತಿಂಗಳಿದೆ. ಈಗಾಗಲೇ 140 ಪಾಲಿಸಿ ಮತ್ತು ಎಸ್‌ಒಪಿ (ಕೆಲಸದ ಲಿಖಿತ ವಿಧಾನ) ಸಿದ್ಧವಾಗಿವೆ. ಆದರೆ ವಾರ್ಡಿನಲ್ಲಿ ಯಾರಿಗೂ ಅವುಗಳಲ್ಲಿ ಏನಿದೆ ಎಂದು ಗೊತ್ತಿಲ್ಲ.

ಕೇಳಬೇಕಾದದ್ದು ಮೂರು. ಕೆಲಸದ ಕ್ರಮ ಹೇಗಿರಬೇಕು? ಓಟಿ, ಸಿಎಸ್‌ಎಸ್‌ಡಿ (ಉಪಕರಣಗಳನ್ನು ಸ್ಟೆರೈಲ್ ಮಾಡುವ ವಿಭಾಗ), ಡಯಾಲಿಸಿಸ್‌ನಂಥ ಕಡೆ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ? ಸೂಚಕಗಳ (ಸೋಂಕಿನ ದರದಂಥ ಗುಣಮಟ್ಟದ ಅಳತೆಗಳ) ಲೆಕ್ಕವನ್ನು ಸರಿಯಾಗಿ ಇಡುವುದು ಹೇಗೆ? ದಯವಿಟ್ಟು ಸಾಮಾನ್ಯ ಸಲಹೆಗಿಂತ ಅಂಕಿ, ಅವಧಿ, ವಿಧಾನ ಸಮೇತ ಹೇಳಿ.

ಉತ್ತರ 1: ಕ್ವಾಲಿಟಿ ಡೆಸ್ಕ್

ಮೇಡಂ, ಮೊದಲು ಹೊಸ ಪಾಲಿಸಿ ಬರೆಯುವುದನ್ನು ನಿಲ್ಲಿಸಿ. 140 ಈಗಲೇ ಜಾಸ್ತಿಯಾಯಿತು.

ಒಂಬತ್ತು ತಿಂಗಳನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ. ತಪಾಸಕರು ಬಂದಾಗ ನೀವು ಬರೆದದ್ದು ಕನಿಷ್ಠ ಮೂರು ನಾಲ್ಕು ತಿಂಗಳಿಂದ ನಡೆಯುತ್ತಿದೆ ಎಂಬುದಕ್ಕೆ ದಾಖಲೆ ಬೇಕು. ಅಂದರೆ ಐದನೇ ತಿಂಗಳ ಮೊದಲ ದಿನ ಎಲ್ಲ ಫಾರಂ, ರಿಜಿಸ್ಟರ್, ಆಡಿಟ್ ಚಾಲ್ತಿಗೆ ಬಂದಿರಲೇಬೇಕು. ಹಾಗಾಗಿ ಬದಲಾವಣೆ ಮಾಡಲು ನಿಜವಾಗಿ ಉಳಿಯುವುದು ನಾಲ್ಕೇ ತಿಂಗಳು. ಏಳನೇ ತಿಂಗಳ ಕೊನೆಗೆ ಅಣಕು ತಪಾಸಣೆ. ಅದರಲ್ಲಿ ಸಿಕ್ಕ ಕೊರತೆ ತುಂಬಲು ಎಂಟನೇ ತಿಂಗಳು.

ಮೊದಲ ತಿಂಗಳಿಡೀ ಗ್ಯಾಪ್ ಅನಾಲಿಸಿಸ್ ಮಾಡಿ, ಅಂದರೆ ಮಾನದಂಡಕ್ಕೂ ನಿಮ್ಮಲ್ಲಿ ನಡೆಯುತ್ತಿರುವುದಕ್ಕೂ ಇರುವ ಅಂತರ ಹುಡುಕಿ. ಕಚೇರಿಯಲ್ಲಿ ಕುಳಿತು ಟಿಕ್ ಹಾಕಿದರೆ ಪ್ರಯೋಜನವಿಲ್ಲ. ಒಬ್ಬ ವೈದ್ಯರು, ಒಬ್ಬ ನರ್ಸ್, ಕಟ್ಟಡ ಮತ್ತು ಯಂತ್ರಗಳ ಹೊಣೆ ಹೊತ್ತ ಒಬ್ಬರು, ಈ ಮೂವರು ಸೇರಿ ಒಬ್ಬ ರೋಗಿಯ ದಾರಿಯನ್ನು ಹಿಡಿದು ನಡೆಯಬೇಕು: ತುರ್ತು ವಿಭಾಗ, ಎಕ್ಸ್‌ರೇ, ಓಟಿ, ಐಸಿಯು, ವಾರ್ಡ್, ಡಿಸ್ಚಾರ್ಜ್. ತಪಾಸಕರೂ ಹೀಗೆಯೇ ಮಾಡುತ್ತಾರೆ, ಟ್ರೇಸರ್ ಎನ್ನುವುದು ಇದಕ್ಕೇ. ಮಾನದಂಡದ ಪ್ರತಿಯೊಂದು ಅಂಶದ ಎದುರು 'ಇದೆ', 'ಅರ್ಧ ಇದೆ', 'ಇಲ್ಲ' ಎಂದು ಬರೆದು, ಪಕ್ಕದಲ್ಲಿ 'ಸಾಕ್ಷ್ಯ ಎಲ್ಲಿದೆ' ಎಂಬ ಕಾಲಂ ಇಡಿ. ಆ ಕಾಲಂ ಖಾಲಿ ಉಳಿದರೆ 'ಇದೆ' ಎಂದು ಬರೆದದ್ದನ್ನು ಹೊಡೆದುಹಾಕಿ.

ಇನ್ನು ಆ 140 ದಾಖಲೆ. ಬೇರೆ ಆಸ್ಪತ್ರೆಯ ಪಾಲಿಸಿಯನ್ನು ನಕಲು ಮಾಡಿದಾಗ ನಿಮ್ಮಲ್ಲಿ ಇಲ್ಲದ ಯಂತ್ರ, ಇಲ್ಲದ ಹುದ್ದೆ ಒಳಗೆ ಬಂದು ಕುಳಿತಿರುತ್ತವೆ. ಇದಕ್ಕಿಂತ ದೊಡ್ಡ ಅಪಾಯ ಅತಿಯಾದ ಮಾತು ಕೊಡುವುದು. ಮಾನದಂಡ ಕೇಳುವುದು 'ನೋವನ್ನು ನಿಯಮಿತವಾಗಿ ಅಳೆಯಿರಿ' ಎಂದಷ್ಟೇ. ನಿಮ್ಮ ಪಾಲಿಸಿ 'ಪ್ರತಿ 2 ಗಂಟೆಗೊಮ್ಮೆ' ಎಂದು ಬರೆದು, ವಾರ್ಡಿನಲ್ಲಿ ನರ್ಸ್ 4 ಗಂಟೆಗೊಮ್ಮೆ ಅಳೆದರೆ, ಮಾನದಂಡ ಪಾಲನೆಯಾಗಿದ್ದರೂ ನಿಮ್ಮ ಪಾಲಿಸಿಯೇ ಮುರಿದಂತೆ. ತಪಾಸಕರು ನಿಮ್ಮದೇ ವಾಕ್ಯವನ್ನು ನಿಮಗೆ ಓದಿ ತೋರಿಸುತ್ತಾರೆ. ರಾತ್ರಿ ಪಾಳಿಯಲ್ಲಿ ಇರುವ ಸಿಬ್ಬಂದಿಯಿಂದ ಆಗುವ ಕೆಲಸವನ್ನೇ ಬರೆಯಿರಿ.

ಸೇರಿಸಬಹುದಾದದ್ದನ್ನು ಸೇರಿಸಿ. ರೋಗಿಯ ಗುರುತು, ಮೌಖಿಕ ಆದೇಶ, ಪಾಳಿ ಬದಲಾವಣೆಯ ಹಸ್ತಾಂತರ, ಬೀಳುವ ಅಪಾಯ, ಇವಕ್ಕೆ ನಾಲ್ಕು ಪುಸ್ತಕ ಬೇಡ. ವಾರ್ಡಿನಲ್ಲಿ ಕಾಣುವ ಹಾಗೆ ಒಂದೊಂದು ಪುಟ ಸಾಕು. ಪ್ರತಿ ದಾಖಲೆಗೆ ಸಂಖ್ಯೆ, ಆವೃತ್ತಿ, ಜಾರಿಯಾದ ದಿನ, ಮರುಪರಿಶೀಲನೆಯ ದಿನ, ಸಹಿ ಇರಲಿ. ಹಳೆಯ ಆವೃತ್ತಿಯನ್ನು ವಾಪಸ್ ತೆಗೆದುಕೊಂಡದ್ದಕ್ಕೂ ಪಟ್ಟಿ ಇರಲಿ. ಒಂದೇ ವಾರ್ಡಿನ ಗೋಡೆಯಲ್ಲಿ ಒಂದು ಆವೃತ್ತಿ, ಫೈಲಿನಲ್ಲಿ ಇನ್ನೊಂದು ಸಿಗುವುದು ತೀರಾ ಸಾಮಾನ್ಯ.

ಉತ್ತರ 2: ಸ್ಟೆರೈಲ್ ಪ್ಯಾಕ್

ಎರಡನೇ ಪ್ರಶ್ನೆಗೆ ಬರುತ್ತೇನೆ. ಸಿಎಸ್‌ಎಸ್‌ಡಿಯಲ್ಲಿ ತಪ್ಪಾದರೆ ರೋಗಿಯ ಮೈಯೊಳಗೇ ಹೋಗುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುವುದು ಅನಿವಾರ್ಯ.

ನಿರ್ವಾತ ಪಂಪ್ ಇರುವ ಸ್ಟೆರಿಲೈಜರ್ ಆದರೆ ಪ್ರತಿದಿನ ಮೊದಲ ಲೋಡಿಗೆ ಮುಂಚೆ ಬೋವಿ-ಡಿಕ್ ಪರೀಕ್ಷೆ (ಆವಿಯಲ್ಲಿ ಬಣ್ಣ ಬದಲಾಗುವ ಹಾಳೆಯಿರುವ ಪ್ಯಾಕ್ ಇಟ್ಟು, ಗಾಳಿ ಪೂರ್ತಿ ಹೊರಹೋಯಿತೇ ಎಂದು ನೋಡುವುದು) ಮಾಡಬೇಕು. ಯಂತ್ರ ಬಿಸಿಯಾದ ಮೇಲೆ, ಖಾಲಿ ಚೇಂಬರಿನಲ್ಲಿ, ನೀರು ಹೊರಹೋಗುವ ಡ್ರೇನಿನ ಮೇಲ್ಭಾಗದ ಕೆಳ ತಟ್ಟೆಯಲ್ಲಿ ಪ್ಯಾಕ್ ಒಂದನ್ನೇ ಇಟ್ಟು 134 ಡಿಗ್ರಿಯಲ್ಲಿ ಮೂರೂವರೆ ನಿಮಿಷ. ಹೆಚ್ಚು ಹೊತ್ತು ಬಿಟ್ಟರೆ ಗಾಳಿ ಉಳಿದಿದ್ದರೂ ಹಾಳೆಯ ಬಣ್ಣ ಪೂರ್ತಿ ಬದಲಾಗಿ, ದೋಷ ಮುಚ್ಚಿಹೋಗುತ್ತದೆ. ಬಣ್ಣ ನಡುವೆ ಮಸುಕಾಗಿ ಉಳಿದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ: ಬಾಗಿಲ ಗ್ಯಾಸ್ಕೆಟ್ ಸೋರುತ್ತಿರಬಹುದು, ಪಂಪ್ ಸೋತಿರಬಹುದು, ಆವಿಯ ಗುಣಮಟ್ಟ ಕೆಟ್ಟಿರಬಹುದು. ನಿರ್ವಾತ ಇಲ್ಲದ ಸಾದಾ ಗ್ರಾವಿಟಿ ಆಟೋಕ್ಲೇವಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಅದಕ್ಕೂ ಮಾಡಿಸಿ ರಿಜಿಸ್ಟರ್ ತುಂಬಿಸಿದ್ದರೆ ಪರೀಕ್ಷೆ ಯಾಕೆಂದು ಸಿಬ್ಬಂದಿಗೆ ತಿಳಿದಿಲ್ಲವೆಂದು ತಪಾಸಕರಿಗೆ ಕೂಡಲೇ ಗೊತ್ತಾಗುತ್ತದೆ.

ಬೋವಿ-ಡಿಕ್ ಗಾಳಿ ಹೊರಹೋಯಿತೇ ಎಂದಷ್ಟೇ ಹೇಳುತ್ತದೆ. ಜೀವಾಣು ಸತ್ತಿತೇ ಎಂದು ತಿಳಿಯಲು ಬಯೊಲಾಜಿಕಲ್ ಇಂಡಿಕೇಟರ್ ಬೇಕು. ಆವಿಗೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೊಫಿಲಸ್ ಸ್ಪೋರ್ (ಬಿಸಿಗೆ ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಕ) ಇರುವ ವಯಲ್. ವಾರಕ್ಕೆ ಒಮ್ಮೆಯಾದರೂ, ಇಂಪ್ಲಾಂಟ್ ಇರುವ ಪ್ರತಿ ಲೋಡಿಗೂ ತಪ್ಪದೆ. ಅದೇ ಲಾಟಿನ, ಸ್ಟೆರಿಲೈಜರಿಗೆ ಹಾಕದ ಒಂದು ವಯಲನ್ನೂ ಜೊತೆಗೆ ಇನ್‌ಕ್ಯುಬೇಟರಿನಲ್ಲಿ ಇಡಬೇಕು. ಅದು ಬೆಳೆಯದಿದ್ದರೆ ವಯಲುಗಳೇ ಸತ್ತಿವೆ, ನಿಮ್ಮ 'ನೆಗೆಟಿವ್' ಫಲಿತಾಂಶಕ್ಕೆ ಬೆಲೆಯಿಲ್ಲ. ಈ ಕಂಟ್ರೋಲ್ ವಯಲ್ ಬಿಟ್ಟುಬಿಡುವುದು ಹೆಚ್ಚಾಗಿ ಕಾಣುವ ತಪ್ಪು.

ಫಲಿತಾಂಶ ಪಾಸಿಟಿವ್ ಬಂದರೆ ಏನು ಮಾಡುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ. ಕೊನೆಯ ನೆಗೆಟಿವ್ ಬಂದ ದಿನದಿಂದ ಆ ಯಂತ್ರದಲ್ಲಿ ಹೊರಬಂದ ಎಲ್ಲ ಪ್ಯಾಕನ್ನೂ ವಾಪಸ್ ಕರೆಸಬೇಕು, ಬಳಕೆಯಾಗಿದ್ದರೆ ಯಾವ ರೋಗಿಗೆ ಎಂದು ಗೊತ್ತಾಗಬೇಕು. ಇದಕ್ಕೆ ಪ್ರತಿ ಪ್ಯಾಕಿನ ಲೇಬಲಿನಲ್ಲಿ ಯಂತ್ರದ ಸಂಖ್ಯೆ, ಸೈಕಲ್ ಸಂಖ್ಯೆ, ದಿನಾಂಕ ಇರಬೇಕು, ಆ ಲೇಬಲ್ ಶಸ್ತ್ರಚಿಕಿತ್ಸೆಯ ನಂತರ ರೋಗಿಯ ಫೈಲಿಗೆ ಅಂಟಬೇಕು. ಒಮ್ಮೆ ಪರೀಕ್ಷಾರ್ಥ ರೀಕಾಲ್ ಮಾಡಿ ನೋಡಿ. ಒಂದು ಸೈಕಲ್ ಸಂಖ್ಯೆ ಕೊಟ್ಟು, ಅದರ ಎಲ್ಲ ಪ್ಯಾಕ್ ಈಗ ಎಲ್ಲಿವೆ ಎಂದು ಕೇಳಿ. ಕೊಂಡಿ ಎಲ್ಲಿ ಕಡಿದಿದೆ ಎಂದು ಆಗಲೇ ತಿಳಿಯುವುದು.

ಒದ್ದೆಯಾಗಿ ಹೊರಬಂದ ಪ್ಯಾಕ್ ಸ್ಟೆರೈಲ್ ಅಲ್ಲ. ಒರೆಸಿ ಒಣಗಿಸಿ ಬಳಸುವಂತಿಲ್ಲ. ತುಂಬ ಒತ್ತಾಗಿ ಜೋಡಿಸುವುದು, ಒಣಗುವ ಹಂತ ಮುಗಿಯುವ ಮೊದಲೇ ಬಾಗಿಲು ತೆಗೆಯುವುದು ಇದರ ಸಾಮಾನ್ಯ ಕಾರಣಗಳು.

ಓಟಿಯಲ್ಲಿ ಗಂಟೆಗೆ 20 ಬಾರಿ ಗಾಳಿ ಬದಲಾಗಬೇಕು, ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಿರಬೇಕು. ವರ್ಷಕ್ಕೊಮ್ಮೆ ಬಂದ ಪ್ರಮಾಣಪತ್ರ ಚೆನ್ನಾಗಿದ್ದರೂ ಕೇಸ್ ನಡೆಯುವಾಗ ಬಾಗಿಲಿಗೆ ಸ್ಟೂಲ್ ಅಡ್ಡ ಇಟ್ಟರೆ ಆ ಒತ್ತಡ ಹೋಯಿತು. ಗಾಳಿಯಿಂದ ಹರಡುವ ಸೋಂಕಿರುವವರ ಐಸೋಲೇಷನ್ ಕೋಣೆಗೆ ಇದರ ತದ್ವಿರುದ್ಧ, ಒತ್ತಡ ಕಡಿಮೆ ಇರಬೇಕು. ಬಾಗಿಲ ಕೆಳಗಿನ ಸಂದಿಗೆ ಒಂದು ಟಿಶ್ಯೂ ಪಟ್ಟಿ ಹಿಡಿದರೆ ಗಾಳಿ ಒಳಕ್ಕೋ ಹೊರಕ್ಕೋ ಎಂದು ಯಾರಿಗೂ ಕಾಣುತ್ತದೆ.

ಡಯಾಲಿಸಿಸ್ ನೀರಿನಲ್ಲಿ ಬ್ಯಾಕ್ಟೀರಿಯಾ ಮಿತಿ ಮಿಲಿಲೀಟರಿಗೆ 100 ಸಿಎಫ್‌ಯು (ಬೆಳೆಯಬಲ್ಲ ಬ್ಯಾಕ್ಟೀರಿಯಾದ ಎಣಿಕೆ), ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷ) ಮಿತಿ 0.25 ಇಯು (ಅದನ್ನು ಅಳೆಯುವ ಮಾನ). ಬ್ಯಾಕ್ಟೀರಿಯಾ ಎಣಿಕೆ 50ಕ್ಕೆ ತಲುಪಿದಾಗಲೇ ಸೋಂಕುನಿವಾರಣೆ ಮಾಡಬೇಕು, 100 ಆಗಲೆಂದು ಕಾಯಬಾರದು. ಮಾದರಿಯನ್ನು ಆರ್‌ಒ (ನೀರು ಶುದ್ಧ ಮಾಡುವ) ಯಂತ್ರದ ಬಾಯಿಂದಷ್ಟೇ ತೆಗೆದರೆ ಸಾಲದು, ಮಷಿನ್‌ಗಳಿಗೆ ನೀರು ಒಯ್ಯುವ ಕೊಳವೆಯ ಲೂಪಿನ ಕೊನೆಯಿಂದಲೂ ತೆಗೆಯಿರಿ, ಕೊಳವೆಯೊಳಗೆ ಬ್ಯಾಕ್ಟೀರಿಯಾ ಕಟ್ಟುವ ಲೋಳೆಪದರದ ಫಲ ಕಾಣುವುದು ಅಲ್ಲಿ. ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಪ್ರತಿ ಪಾಳಿಗೆ ಮೊದಲು, ಮೊದಲ ಕಾರ್ಬನ್ ಟ್ಯಾಂಕಿನ ನಂತರದ ನೀರಿನಲ್ಲಿ ಪರೀಕ್ಷಿಸಬೇಕು. ಕ್ಲೋರಮಿನ್ (ನೀರಿನಲ್ಲಿ ಕ್ಲೋರಿನ್ ಇರುವ ಒಂದು ರೂಪ) ದಾಟಿ ಹೋದರೆ ರೋಗಿಯ ಕೆಂಪು ರಕ್ತಕಣಗಳು ಒಡೆಯುತ್ತವೆ.

ಇನ್ನೊಂದು ಚಿಕ್ಕದು, ಆದರೆ ಪ್ರತಿ ವಾರ್ಡಿನಲ್ಲೂ ಕೇಳುತ್ತಾರೆ: ರಕ್ತ ಚೆಲ್ಲಿದಾಗ ಬಳಸುವ 1% ಹೈಪೋಕ್ಲೋರೈಟ್. ಬಾಟಲಿ 5% ಆಗಿದ್ದರೆ 200 ಮಿಲಿಗೆ 800 ಮಿಲಿ ನೀರು. ಬಾಟಲಿ 10% ಆಗಿದ್ದರೆ 100ಕ್ಕೆ 900. ಸರಬರಾಜು ಬದಲಾದಾಗ ಲೇಬಲ್ ನೋಡದೆ ಹಳೆಯ ಲೆಕ್ಕದಲ್ಲೇ ಬೆರೆಸುತ್ತಾರೆ. ದ್ರಾವಣ ಆಯಾ ದಿನವೇ ತಯಾರಾಗಬೇಕು. ಮೊದಲು ಹೀರುವ ಕಾಗದ ಹಾಕಿ ರಕ್ತ ತೆಗೆದು, ಆಮೇಲೆ ದ್ರಾವಣ ಸುರಿದು 10 ನಿಮಿಷ ಬಿಡಬೇಕು.

ವಾರ್ಡ್ ಮೇಲ್ವಿಚಾರಕಿ

ಇಬ್ಬರಿಗೂ ಧನ್ಯವಾದ. ಸೂಚಕಗಳ ಬಗ್ಗೆ ಒಂದು ಅನುಮಾನ. ಐಸಿಯುನ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಸೋಂಕು ಆರು ತಿಂಗಳಿಂದ ಸೊನ್ನೆ ಎಂದು ವರದಿಯಾಗುತ್ತಿದೆ. ಇದನ್ನು ಹಾಗೇ ತೋರಿಸಬಹುದೇ? ತಿಂಗಳಿಗೆ ಸುಮಾರು 400 ಡಿಸ್ಚಾರ್ಜ್ ಇವೆ, ಫೈಲ್ ಆಡಿಟಿಗೆ ಎಷ್ಟು ತೆಗೆದುಕೊಳ್ಳಬೇಕು?

ಉತ್ತರ 3: ಅಂಕಿ ಲೆಕ್ಕ

ಸೊನ್ನೆಯನ್ನು ತೋರಿಸಬಹುದು, ಆದರೆ ಅದು ಹುಡುಕಿದ ಮೇಲೆ ಬಂದ ಸೊನ್ನೆಯೋ, ಹುಡುಕದೆ ಬಂದದ್ದೋ ಎಂದು ಮೊದಲು ನೀವೇ ನೋಡಿಕೊಳ್ಳಿ.

ಮೂರು ಕಡೆ ಕೈಯಿಡಿ. ಜ್ವರ ಬಂದ ರೋಗಿಗೆ ಆಂಟಿಬಯಾಟಿಕ್ ಕೊಡುವ ಮೊದಲು ಬ್ಲಡ್ ಕಲ್ಚರ್ ಕಳಿಸುತ್ತಿದ್ದಾರೆಯೇ? ಕಳಿಸದಿದ್ದರೆ ಸೋಂಕು ಎಂದೂ ಕಾಗದಕ್ಕೆ ಬರುವುದಿಲ್ಲ. ಲ್ಯಾಬಿನ ಪಾಸಿಟಿವ್ ಕಲ್ಚರ್ ಪಟ್ಟಿಯನ್ನು ಸೋಂಕು ನಿಯಂತ್ರಣ ನರ್ಸ್ ದಿನವೂ ನೋಡುತ್ತಾರೆಯೇ, ಅಥವಾ ಐಸಿಯು ತಾನಾಗಿ ಹೇಳಿದರೆ ಮಾತ್ರ ಬರೆಯುತ್ತಾರೆಯೇ? ಸೋಂಕೆಂದು ಯಾವುದನ್ನು ಕರೆಯಬೇಕೆಂಬ ವ್ಯಾಖ್ಯೆ ಬರಹದಲ್ಲಿದೆಯೇ? ಬಳಕೆಯಲ್ಲಿರುವ ವ್ಯಾಖ್ಯೆಯ ಪ್ರಕಾರ ಲೈನ್ ಸತತ ಎರಡು ದಿನಕ್ಕಿಂತ ಹೆಚ್ಚು ಇದ್ದಿರಬೇಕು, ಸೋಂಕು ಗುರುತಾದ ದಿನ ಅಥವಾ ಅದರ ಹಿಂದಿನ ದಿನ ಲೈನ್ ಒಳಗೆ ಇದ್ದಿರಬೇಕು, ಆ ಜೀವಾಣು ದೇಹದ ಬೇರೆ ಜಾಗದ ಸೋಂಕಿನಿಂದ ಬಂದಿರಬಾರದು.

ದರದ ಛೇದದಲ್ಲಿ, ಅಂದರೆ ಸೋಂಕಿನ ಸಂಖ್ಯೆಯನ್ನು ಭಾಗಿಸುವ ಲೈನ್-ದಿನದಲ್ಲಿ, ಇನ್ನೂ ಹೆಚ್ಚು ತಪ್ಪಾಗುತ್ತದೆ. ಲೈನ್-ದಿನ ಎಂದರೆ ಪ್ರತಿದಿನ ಒಂದೇ ಹೊತ್ತಿಗೆ ಎಣಿಸಿದ, ಸೆಂಟ್ರಲ್ ಲೈನ್ ಇರುವ ರೋಗಿಗಳ ಸಂಖ್ಯೆ. ಒಬ್ಬರಿಗೆ ಎರಡು ಲೈನ್ ಇದ್ದರೂ ಅದು ಒಂದೇ ಲೈನ್-ದಿನ. ತಿಂಗಳ ಕೊನೆಗೆ ಕುಳಿತು ನೆನಪಿನಿಂದ ತುಂಬಿದ ಸಂಖ್ಯೆ ಪ್ರತಿ ತಿಂಗಳೂ ದುಂಡಾಗಿ ಕಾಣುತ್ತದೆ, ಅನುಭವಿ ತಪಾಸಕರ ಕಣ್ಣು ಅಲ್ಲಿಗೇ ಹೋಗುತ್ತದೆ.

ನಿಮ್ಮ ಐಸಿಯು ಚಿಕ್ಕದು ಎಂಬುದನ್ನೂ ಗಮನಿಸಿ. ದಿನಕ್ಕೆ ಸರಾಸರಿ 5 ರೋಗಿಗಳಿಗೆ ಲೈನ್ ಇದೆ ಎಂದುಕೊಳ್ಳಿ, ತಿಂಗಳಿಗೆ 150 ಲೈನ್-ದಿನ. ಒಂದು ಸೋಂಕು ಬಂದರೆ 1 ಭಾಗಿಸು 150, ಗುಣಿಸು 1000, ಅಂದರೆ 1000 ಲೈನ್-ದಿನಕ್ಕೆ 6.67. ಮುಂದಿನ ತಿಂಗಳು ಸೊನ್ನೆ. ಈ ಎರಡನ್ನು ಹೋಲಿಸಿ 'ಶೇಕಡಾ ನೂರು ಸುಧಾರಣೆ' ಎಂದು ಸಮಿತಿಯ ನಡಾವಳಿಯಲ್ಲಿ ಬರೆದರೆ ಅದು ಸುಳ್ಳು ಸಮಾಧಾನ. ಮೂರು ತಿಂಗಳು ಸೇರಿಸಿದರೆ 450 ಲೈನ್-ದಿನಕ್ಕೆ ಒಂದು ಸೋಂಕು, 2.22. ಸೊನ್ನೆಯಾಗಲಿ 6.67 ಆಗಲಿ ಒಂಟಿ ತಿಂಗಳಿಗೆ ಅರ್ಥವಿಲ್ಲ. ರನ್ ಚಾರ್ಟ್ (ಅಂಕಿಗಳನ್ನು ಕಾಲಕ್ರಮದಲ್ಲಿ ತೋರಿಸುವ ಗೆರೆನಕ್ಷೆ) ಹಾಕಿ, ಅಥವಾ ಕೊನೆಯ ಸೋಂಕಿನಿಂದ ಎಷ್ಟು ದಿನವಾಯಿತು ಎಂದು ಎಣಿಸಿ.

ವೆಂಟಿಲೇಟರ್, ಮೂತ್ರದ ಕ್ಯಾಥೆಟರ್ ಸೋಂಕಿಗೂ ಇದೇ ಸೂತ್ರ, ಆಯಾ ಸಾಧನದ 1000 ದಿನಕ್ಕೆ. ಬೀಳುವಿಕೆಗೆ 1000 ರೋಗಿ-ದಿನಕ್ಕೆ. ಶಸ್ತ್ರಚಿಕಿತ್ಸೆಯ ಗಾಯದ ಸೋಂಕು ಮಾತ್ರ ನೂರು ಶಸ್ತ್ರಚಿಕಿತ್ಸೆಗೆ. ಡಿಸ್ಚಾರ್ಜ್ ಆದ ಮೇಲೂ 30 ದಿನ ಗಮನಿಸದಿದ್ದರೆ ಈ ಕೊನೆಯದೂ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಇಂಪ್ಲಾಂಟ್ ಹಾಕಿದ ಹಲವು ಶಸ್ತ್ರಚಿಕಿತ್ಸೆಗಳಿಗೆ ಆ ಅವಧಿ 90 ದಿನ.

ಫೈಲ್ ಆಡಿಟಿಗೆ ಹೆಚ್ಚಾಗಿ ಬಳಸುವ ನಿಯಮ: 30ಕ್ಕಿಂತ ಕಡಿಮೆ ಇದ್ದರೆ ಎಲ್ಲವೂ, 100ರವರೆಗೆ 30, 500ರವರೆಗೆ 50, ಅದಕ್ಕೂ ಮೇಲೆ 70. ನಿಮ್ಮ 400ಕ್ಕೆ 50. ಮೇಜಿನ ಮೇಲಿರುವ ಮೊದಲ 50 ಅಲ್ಲ. ಡಿಸ್ಚಾರ್ಜ್ ಪಟ್ಟಿಯಲ್ಲಿ ಪ್ರತಿ ಎಂಟನೆಯದನ್ನು ತೆಗೆದುಕೊಳ್ಳಿ. ಅದೇ ಫೈಲುಗಳಲ್ಲಿ ಕೆಲವನ್ನು ಮೊದಲಿನ ಫಲಿತಾಂಶ ನೋಡದ ಇನ್ನೊಬ್ಬರು ಮತ್ತೆ ಎಣಿಸಲಿ. ಇಬ್ಬರ ಉತ್ತರ ಹತ್ತರಲ್ಲಿ ಒಂಬತ್ತರಲ್ಲಾದರೂ ಹೊಂದದಿದ್ದರೆ ಆಡಿಟ್ ಪ್ರಶ್ನೆಯೇ ಅಸ್ಪಷ್ಟವಾಗಿದೆ, ಅದನ್ನು ತಿದ್ದಿ.

ಕೈ ಶುದ್ಧತೆಯ ಅಂಕಿಗೂ ಒಂದು ಮಾತು. ಅಲ್ಲಿ ಛೇದ ಎಂದರೆ 'ಅವಕಾಶ' (ಕೈ ಶುದ್ಧ ಮಾಡಿಕೊಳ್ಳಬೇಕಾದ ಪ್ರತಿ ಸಲ), ಸಿಬ್ಬಂದಿಯ ಸಂಖ್ಯೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಲ್ಲಿ ಒಂದು ಸಲಕ್ಕೆ ಸುಮಾರು 20 ನಿಮಿಷ, ಏಕಕಾಲಕ್ಕೆ ಮೂವರಿಗಿಂತ ಹೆಚ್ಚು ಜನರನ್ನು ನೋಡದೆ, ಪ್ರತಿ ಘಟಕಕ್ಕೆ 200 ಅವಕಾಶ ದಾಖಲಿಸಬೇಕು. ಕೈ ಶುದ್ಧ ಮಾಡಿಕೊಳ್ಳಬೇಕೆಂದು ಆ ಸಂಸ್ಥೆ ಹೇಳುವ ಐದು ಸಂದರ್ಭಗಳನ್ನೂ ಬೇರೆಬೇರೆ ತೋರಿಸಿ. ರೋಗಿಯನ್ನು ಮುಟ್ಟಿದ ನಂತರ ಕೈ ತೊಳೆಯುವವರು ಮುಟ್ಟುವ ಮೊದಲು ಬಿಟ್ಟುಬಿಡುತ್ತಾರೆ, ಸರಾಸರಿ ತೆಗೆದರೆ ಅದು ಕಾಣದೆ ಹೋಗುತ್ತದೆ.

ಉತ್ತರ 4: ಔಷಧ ಕಪಾಟು

ಔಷಧದ ವಿಷಯ ಯಾರೂ ಎತ್ತಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅತ್ಯಂತ ಕಡಿಮೆ ಖರ್ಚಿನಲ್ಲಿ ಅತ್ಯಂತ ಹೆಚ್ಚು ಜೀವ ಉಳಿಸುವ ಕೆಲಸ ಇಲ್ಲಿದೆ.

ಇವತ್ತೇ ವಾರ್ಡುಗಳಿಂದ ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ತೆಗೆಸಿ. ನೀರಿನ ಆಂಪ್ಯೂಲ್ ಎಂದು ತಪ್ಪಾಗಿ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಐಸಿಯುನಂತೆ ಇರಲೇಬೇಕಾದ ಕಡೆ ಬೇರೆ ಪೆಟ್ಟಿಗೆ, ಬೀಗ, 'ದುರ್ಬಲಗೊಳಿಸಿಯೇ ಕೊಡಬೇಕು' ಎಂಬ ಎದ್ದುಕಾಣುವ ಲೇಬಲ್. ಇನ್ಸುಲಿನ್, ಹೆಪಾರಿನ್, ಓಪಿಯಾಯ್ಡ್‌ಗಳಿಗೆ ಇಬ್ಬರ ಪರಿಶೀಲನೆ. ಎರಡನೆಯವರು ಡೋಸನ್ನು ತಾವೇ ಲೆಕ್ಕ ಹಾಕಬೇಕು. ಮೊದಲಿನವರು ಹೇಳಿದ್ದಕ್ಕೆ ತಲೆಯಾಡಿಸಿ ಸಹಿ ಹಾಕಿದರೆ ಅದು ಒಬ್ಬರ ಪರಿಶೀಲನೆಯೇ.

ಹೆಸರು ಒಂದರಂತೆ ಇನ್ನೊಂದು ಕೇಳಿಸುವ ಡೋಪಮಿನ್, ಡೊಬುಟಮಿನ್ ಅಕ್ಕಪಕ್ಕ ಇಡಬೇಡಿ. ಆದೇಶ ಬರೆಯುವಾಗ 'ಯುನಿಟ್' ಎಂದು ಪೂರ್ತಿ ಬರೆಯಿರಿ. ಬರೀ ಇಂಗ್ಲಿಷಿನ ಯು ಅಕ್ಷರ ಸೊನ್ನೆಯಂತೆ ಕಂಡು 10 ಯುನಿಟ್ ಇನ್ಸುಲಿನ್ 100 ಆಗುತ್ತದೆ. 1.0 ಎಂದು ಬರೆದರೆ 10 ಆಗಬಹುದು, .5 ಎಂದು ಬರೆದರೆ 5 ಆಗಬಹುದು. 1 ಮತ್ತು 0.5 ಎಂದೇ ಬರೆಯಬೇಕು.

ಹಲವು ಡೋಸಿನ ಇಂಜೆಕ್ಷನ್ ವಯಲ್ ತೆರೆದ ದಿನ ಮತ್ತು ಬಿಸಾಡುವ ದಿನ ಎರಡನ್ನೂ ಅದರ ಮೇಲೆ ಬರೆಯಿರಿ. ತಯಾರಕರು ಬೇರೆ ಹೇಳದಿದ್ದರೆ ತೆರೆದ ಮೇಲೆ 28 ದಿನ.

ಫ್ರಿಜ್ 2ರಿಂದ 8 ಡಿಗ್ರಿ. ದಿನಕ್ಕೆರಡು ಬಾರಿ ಬರೆಯುವ ಹಾಳೆಯಲ್ಲಿ ತಿಂಗಳಿಡೀ '4' ಇದ್ದರೆ ಅದನ್ನು ಯಾರೂ ನಂಬುವುದಿಲ್ಲ. ಕನಿಷ್ಠ-ಗರಿಷ್ಠ ತೋರಿಸುವ ಥರ್ಮಾಮೀಟರ್ ಇಡಿ. ಮಿತಿ ದಾಟಿದ ದಿನ ಔಷಧ ಎಲ್ಲಿಗೆ ಸಾಗಿಸಿದಿರಿ, ಯಾರಿಗೆ ಹೇಳಿದಿರಿ ಎಂಬ ಒಂದು ಸಾಲು ಹತ್ತು ಪುಟ ಚೊಕ್ಕ ಅಂಕಿಗಿಂತ ಮೇಲು.

ಕ್ರ್ಯಾಶ್ ಕಾರ್ಟಿಗೆ (ತುರ್ತು ಔಷಧ, ಸಾಧನಗಳ ಗಾಡಿಗೆ) ಸಂಖ್ಯೆಯುಳ್ಳ ಮುದ್ರೆ ಹಾಕಿ. ಮುದ್ರೆ ಹಾಗೇ ಇದ್ದರೆ ದಿನವೂ ಒಳಗಿನದನ್ನು ಎಣಿಸಬೇಕಿಲ್ಲ, ಸಂಖ್ಯೆ ಬರೆದರೆ ಸಾಕು. ಬಳಸಿದ ಮೇಲೆ, ಮತ್ತು ತಿಂಗಳಿಗೊಮ್ಮೆ ಎಕ್ಸ್‌ಪೈರಿ ನೋಡಲು, ತೆರೆಯಬೇಕು. ಡಿಫಿಬ್ರಿಲೇಟರ್ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಮಾತ್ರ ದಿನವೂ, ವಿದ್ಯುತ್ ಪ್ಲಗ್ ತೆಗೆದು ಬ್ಯಾಟರಿಯಲ್ಲಿ ಪರೀಕ್ಷಿಸಿ. ಪ್ಲಗ್ ಹಾಕಿಯೇ ಪರೀಕ್ಷಿಸಿದರೆ ಸತ್ತ ಬ್ಯಾಟರಿ ಗೊತ್ತಾಗುವುದು ರೋಗಿಯ ಪಕ್ಕದಲ್ಲಿ.

ಉತ್ತರ 5: ರಾತ್ರಿ ಪಾಳಿ

ಮೇಲಿನ ಎಲ್ಲದಕ್ಕೂ ಒಪ್ಪಿಗೆ. ಕ್ವಾಲಿಟಿ ಡೆಸ್ಕ್ ಅವರು ಏಳನೇ ತಿಂಗಳಿಗೆ ಇಟ್ಟ ಅಣಕು ತಪಾಸಣೆಗೆ ಮಾತ್ರ ನನ್ನ ತಕರಾರಿದೆ. ಅಷ್ಟು ಹೊತ್ತು ಕಾಯಬೇಡಿ. ಮೂರನೇ ತಿಂಗಳಿಂದಲೇ ವಾರಕ್ಕೊಂದು ಚಿಕ್ಕ ಟ್ರೇಸರ್ ಮಾಡಿ: ಒಬ್ಬ ರೋಗಿ, ಮುಕ್ಕಾಲು ಗಂಟೆ, ಇಬ್ಬರು. ಅದರಲ್ಲಿ ನಾಲ್ಕಕ್ಕೊಂದು ರಾತ್ರಿ ಅಥವಾ ರಜಾ ದಿನ ಇರಲಿ. ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ಕಾವಲಿನವರು, ಲಿಫ್ಟಿನವರು ಬಹಳ ಆಸ್ಪತ್ರೆಗಳ ತರಬೇತಿ ಪಟ್ಟಿಯಲ್ಲೇ ಇರುವುದಿಲ್ಲ, ಬೆಂಕಿ ಬಿದ್ದಾಗ ಮೊದಲು ಓಡಿಬರುವುದು ಅವರೇ.

ಸಿಬ್ಬಂದಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. 'ಗುರುತಿನ ಪಾಲಿಸಿ ಏನು?' ಎಂದು ಕೇಳುವ ಬದಲು 'ಈ ರೋಗಿಗೆ ಔಷಧ ಕೊಡಿ, ನಾನು ನೋಡುತ್ತೇನೆ' ಎನ್ನಿ. 'ನೀವು ಇಂಥವರಲ್ಲವೇ?' ಎಂದು ಕೇಳಿದರೆ ಅರೆನಿದ್ದೆಯ ರೋಗಿ 'ಹೂಂ' ಎನ್ನುತ್ತಾರೆ. 'ನಿಮ್ಮ ಹೆಸರು ಹೇಳಿ' ಎಂದು ಕೇಳಿ, ಕೈಪಟ್ಟಿಯ ಹೆಸರು ಮತ್ತು ಆಸ್ಪತ್ರೆ ಸಂಖ್ಯೆಯನ್ನು ಚೀಟಿಯೊಂದಿಗೆ ಹೋಲಿಸಬೇಕು. ಹಾಸಿಗೆ ಸಂಖ್ಯೆ ಗುರುತಲ್ಲ.

ಓಟಿಯ ಸುರಕ್ಷತಾ ಚೆಕ್‌ಲಿಸ್ಟಿಗೂ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 19 ಅಂಶ, ಮೂರು ಹಂತ: ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಓಟಿ ಬಿಡುವ ಮೊದಲು. ಕೇಸ್ ಮುಗಿದ ಮೇಲೆ ಒಂದೇ ಪೆನ್ನಿನಲ್ಲಿ ಮೂರೂ ತುಂಬಿದ ಹಾಳೆ ನೂರಕ್ಕೆ ನೂರು ಅಂಕ ಪಡೆಯುತ್ತದೆ. ಆದ್ದರಿಂದ ಹಾಳೆಯನ್ನು ಎಣಿಸುವುದು ಬಿಟ್ಟು ತಿಂಗಳಿಗೆ ಹತ್ತು ಕೇಸಿನಲ್ಲಿ ನಿಂತು ನೋಡಿ: ಎಲ್ಲರೂ ಕೈ ನಿಲ್ಲಿಸಿದರೇ, ಬಟ್ಟೆ ಹೊದಿಸಿದ ಮೇಲೂ ಕೊಯ್ಯುವ ಜಾಗಕ್ಕೆ ಹಾಕಿದ ಗುರುತು ಕಾಣುತ್ತಿದೆಯೇ, ಆಂಟಿಬಯಾಟಿಕ್ ಕೊಯ್ಯುವುದಕ್ಕೆ ಮುಂಚಿನ 60 ನಿಮಿಷದೊಳಗೆ ಹೋಗಿದೆಯೇ.

ವೈದ್ಯರ ಫೈಲುಗಳಲ್ಲಿ ಪ್ರಮಾಣಪತ್ರದ ನಕಲಿದ್ದರೆ ಸಾಲದು, ಅದನ್ನು ಕೊಟ್ಟ ಸಂಸ್ಥೆಯಿಂದಲೇ ದೃಢೀಕರಣ ಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಮೊದಲ ತಿಂಗಳಲ್ಲೇ ಪತ್ರ ಕಳಿಸಿ. ಯಾರಿಗೆ ಯಾವ ಶಸ್ತ್ರಚಿಕಿತ್ಸೆ ಮಾಡಲು ಅನುಮತಿಯಿದೆ ಎಂಬ ಪಟ್ಟಿ ಓಟಿ ಬುಕಿಂಗ್ ಮಾಡುವವರ ಕೈಗೆ ಸಿಗಬೇಕು. ಆಡಳಿತ ಕಚೇರಿಯ ಬೀರುವಿನಲ್ಲಿದ್ದರೆ ಅದು ಯಾರನ್ನೂ ತಡೆಯುವುದಿಲ್ಲ.

ವಾರ್ಡ್ ಮೇಲ್ವಿಚಾರಕಿ

ಪೊಟ್ಯಾಸಿಯಂ ನಾಳೆ ಬೆಳಿಗ್ಗೆಯೇ ತೆಗೆಸುತ್ತೇನೆ. ಲೈನ್-ದಿನದ ಎಣಿಕೆಗೆ ಯಾವ ಹೊತ್ತು ಒಳ್ಳೆಯದು? ಐಸಿಯುನ ಅಗ್ನಿ ಅಣಕು ಕಾರ್ಯಾಚರಣೆ ಹೇಗೆ ಮಾಡುವುದು, ರೋಗಿಗಳನ್ನು ಕದಲಿಸುವಂತಿಲ್ಲವಲ್ಲ?

ಉತ್ತರ 3: ಅಂಕಿ ಲೆಕ್ಕ

ಯಾವ ಹೊತ್ತಾದರೂ ಸರಿ, ದಿನವೂ ಅದೇ ಇರಬೇಕು. ರಾತ್ರಿ ಪಾಳಿ ಶುರುವಾದ ಮೇಲೆ ಹೆಚ್ಚು ಅಡಚಣೆ ಇರುವುದಿಲ್ಲ. ರಜಾ ದಿನವೂ ಎಣಿಸಬೇಕು, ಆ ಕೆಲಸ ಸೋಂಕು ನಿಯಂತ್ರಣ ನರ್ಸಿನದಲ್ಲ, ಪಾಳಿಯ ಮುಖ್ಯ ನರ್ಸಿನದು.

ಉತ್ತರ 5: ರಾತ್ರಿ ಪಾಳಿ

ರೋಗಿಗಳನ್ನು ಕದಲಿಸಬೇಡಿ. ಒಬ್ಬ ಸಿಬ್ಬಂದಿಯನ್ನೇ ಹಾಸಿಗೆಯಲ್ಲಿ ಮಲಗಿಸಿ, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಚಿಕ್ಕ ಆಕ್ಸಿಜನ್ ಸಿಲಿಂಡರ್, ಇನ್‌ಫ್ಯೂಷನ್ ಪಂಪ್ ಸಮೇತ ಅದೇ ಮಹಡಿಯಲ್ಲಿ ಬೆಂಕಿ ಬಾಗಿಲಿನ ಆಚೆಯ ವಿಭಾಗಕ್ಕೆ ಸಾಗಿಸಿ ಸಮಯ ಅಳೆಯಿರಿ. ಮೆಟ್ಟಿಲಿಳಿಸುವುದು ಆಮೇಲಿನ ಮಾತು. ಹಾಸಿಗೆ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂಬುದು ಆಗಲೇ ಗೊತ್ತಾಗುತ್ತದೆ. ಆಕ್ಸಿಜನ್ ವಾಲ್ವ್ ಮುಚ್ಚಲು ಯಾರು ಹೇಳಬೇಕು, ಯಾರು ಮುಚ್ಚಬೇಕು ಎಂದು ಹುದ್ದೆಯ ಹೆಸರಿನಲ್ಲಿ ಬರೆದು, ಆ ವಾಲ್ವ್ ಯಾವ ಹಾಸಿಗೆಗಳಿಗೆ ಸೇರಿದ್ದು ಎಂದು ಅದರ ಮೇಲೇ ಅಂಟಿಸಿ. ವೆಂಟಿಲೇಟರಿನಲ್ಲಿರುವ ಪ್ರತಿ ರೋಗಿಗೂ ಸಿಲಿಂಡರ್ ಸಿಗುವ ಮೊದಲು ಅದನ್ನು ಮುಚ್ಚಬಾರದು. ಎಂಟು ಹಾಸಿಗೆಗೆ ಎಷ್ಟು ಸಿಲಿಂಡರ್, ಎಷ್ಟು ಅಂಬು ಬ್ಯಾಗ್ ಇವೆ ಎಂದು ಈ ರಾತ್ರಿಯೇ ಎಣಿಸಿ ನೋಡಿ.